ನ್ಯೂಟ್ರಲ್

ಚೋಂದಮ್ಮ ಪಿಕಪ್ಪು ತಂದು ನಿಲ್ಲಿಸಿದಾಗ
ಗೋಣಿಕೊಪ್ಪದಲ್ಲಿ ಇನ್ನೂ ಮಂಜು.
ಇಳಿದವರೇ ಮೊದಲು ಹಿಂದಕ್ಕೆ ಹೋಗಿ
ಟ್ರೇಯಿಂದ ಒಂದು ಕಲ್ಲು ತೆಗೆದು
ಚಕ್ರಕ್ಕೆ ಒತ್ತಿಟ್ಟರು.
ನನ್ನ ಅಂಗಡಿಯ ಮುಂದೆ ನೆಲ ಸಪಾಟು,
ಗೋಲಿ ಇಟ್ಟರೂ ಉರುಳದು.
ನಾನು ಏನೂ ಹೇಳಲಿಲ್ಲ.

"ಹಂಸ, ನಾನು ಬಾಗಿಲು ತೆಗೆಯುವ ಮೊದಲೇ
ಗಾಡಿ ಸ್ಟಾರ್ಟಾಗಬೇಕು, ಲೈಟು ಹತ್ತಬೇಕು.
ಅಂಗಳದಲ್ಲಿ ಯಾರು ನಿಂತಿದ್ದಾರೆ ಅಂತ
ಒಳಗಿಂದಲೇ ನೋಡಬೇಕು."
ಯಾರು ಅಂದರೆ ಯಾರು ಎಂದು
ಈ ಕಡೆ ಯಾರೂ ಕೇಳುವುದಿಲ್ಲ.
ಬೆಳಿಗ್ಗೆ ಐದೂವರೆಗೆ ಪಾಡಿಯಿಂದ ಜನ ತುಂಬಿಕೊಂಡು
ಮೆಣಸು ಕುಯ್ಯಲು ಹೋಗುವ ಗಾಡಿ ಇದು.
ಹೋದ ವಾರ ಕೀ ಹಿಡಿದು ಅರ್ಧ ಅಂಗಳ ದಾಟಿದ್ದರಂತೆ,
ಶೆಡ್ಡಿನ ಹಿಂದೆ ಯಾರೋ ಉಸಿರು ಬಿಟ್ಟರಂತೆ,
ಒಂದು ಮೂಟೆ ಖಾಲಿಯಾದಷ್ಟು ದೊಡ್ಡ ಉಸಿರು.

ಸ್ಟೇರಿಂಗಿನ ಕೆಳಗೆ ಅಂಗಾತ ಮಲಗಿದೆ.
ಕವರು ಬಿಚ್ಚಿದರೆ ಹತ್ತು ವರ್ಷದ ಧೂಳು,
ಎರಡು ಕಾಫಿ ಬೀಜ, ಒಂದು ಓಲೆಯ ತಿರುಪು.
ಅವರು ಬೆಳಕಿಗೆ ಹಿಡಿದು ನೋಡಿ
"ನನ್ನದಲ್ಲ" ಎಂದು ಜೇಬಿಗೆ ಹಾಕಿಕೊಂಡರು.

ಟೆಸ್ಟ್ ಲ್ಯಾಂಪಿನ ಮೂತಿ ಒಂದೊಂದೇ ವೈರಿಗೆ:
ಇದು ಯಾವಾಗಲೂ ಎಚ್ಚರವಿರುವುದು,
ಇದು ಕೀ ತಿರುಗಿದಾಗ ಕಣ್ಣು ಬಿಡುವುದು,
ಇದು ಸೆಲ್ಫು ಹೊಡೆಯುವ ಒಂದು ಗಳಿಗೆ ಮಾತ್ರ ಬದುಕುವುದು.
ಬಣ್ಣವನ್ನು ನಂಬಬಾರದು. ಹಿಂದೆ ಸ್ಪೀಕರು ಕೂರಿಸಿದವನಾರೋ
ಕೆಂಪಿಗೆ ಹಸಿರು ಗಂಟು ಹಾಕಿದ್ದಾನೆ.
ತಿರುಚಿ ಟೇಪು ಸುತ್ತಿ ಕೈತೊಳೆಯುವವನಲ್ಲ ನಾನು,
ಬೆಸುಗೆ ಹಾಕುತ್ತೇನೆ. ಹೊಗೆ ಕಣ್ಣಿಗೆ ಬಂದರೂ ಸರಿ.
ಸೈರನ್ನಿನ ಬಾಯಿ ಕೆಳಮುಖ, ಇಲ್ಲದಿದ್ದರೆ
ಕಕ್ಕಡದಲ್ಲಿ ನೀರು ಕುಡಿದು ಮೂಕವಾಗುತ್ತದೆ.
ಡೀಸೆಲ್ಲಿನ ಎಂಜಿನ್ನು, ಸುರುಳಿದೀಪ ಆರುವ ತನಕ
ಕಾಯಲೆಂದು ಎಂಟು ಸೆಕೆಂಡು ಕೊಟ್ಟೆ.

"ಅಕ್ಕ, ಇನ್ನು ಮೇಲೆ ಗೇರಿನಲ್ಲಿ ನಿಲ್ಲಿಸಬೇಡಿ.
ಗುಂಡಿ ಒತ್ತಿದರೆ ನೆಗೆದು ನಿಮ್ಮ ಬಾಗಿಲಿಗೇ ಬರುತ್ತದೆ.
ಅದಕ್ಕೇ ಒಂದು ಸ್ವಿಚ್ಚಿಟ್ಟಿದ್ದೇನೆ,
ನ್ಯೂಟ್ರಲ್ ಇಲ್ಲದಿದ್ದರೆ ಅಲುಗುವುದೇ ಇಲ್ಲ."
"ಫಸ್ಟ್ ಗೇರು, ಒಂದು ಕಲ್ಲು.
ಅಪ್ಪ ಹೇಳಿಕೊಟ್ಟದ್ದು ಅಷ್ಟೇ.
ಬರೀ ಹ್ಯಾಂಡ್‌ಬ್ರೇಕು ನಂಬಿ ಮಲಗಲು
ನಾನೇನು ಮೈಸೂರಿನವಳಾ?"

ಮೂರು ಸಲ ನೋಡಿದೆವು. ಮೂರು ಸಲವೂ ಗಾಡಿ ಸುಮ್ಮನೆ ಕೂತಿತು.
ಎಂಜಿನ್ ಆರಿದೊಡನೆ ಮೂವತ್ತು ವರ್ಷದ ಎಡಗೈ
ಯಾರನ್ನೂ ಕೇಳದೆ ಫಸ್ಟಿಗೆ ತಳ್ಳುತ್ತಿತ್ತು.
ನಾಲ್ಕನೆಯ ಸಲ ಎಡಗೈಯನ್ನು ಬಲಗೈಯಲ್ಲಿ ಹಿಡಿದು ಇಳಿದರು,
ಬೇರೆ ಯಾರದೋ ಮಗುವನ್ನು
ರಸ್ತೆ ದಾಟಿಸುವ ಹಾಗೆ.

ಎದುರಿನ ಬೇಕರಿಯ ಮೆಟ್ಟಿಲ ಮೇಲೆ ನಿಂತು ಒತ್ತಿದರು.
ಎಂಟು ಸೆಕೆಂಡು.
ಖಾಲಿ ಸೀಟಿನ ಗಾಡಿ ಕೆಮ್ಮಿ ಎದ್ದಿತು,
ಲೈಟು ಮಂಜಿಗೆ ಬಿತ್ತು.
ಬೇಕರಿಯ ಹುಡುಗರು ಚಪ್ಪಾಳೆ ಹೊಡೆದರು.
ಚೋಂದಮ್ಮ ನಗಲಿಲ್ಲ.
"ಒಳಗೆ ಯಾರೂ ಇಲ್ಲ, ನೋಡಲು ಒಂಥರಾ" ಅಂದರು.

ಐದನೇ ದಿನ ಮತ್ತೆ ಬಂದರು.
"ಕಿರುಚುವುದನ್ನು ಸ್ವಲ್ಪ ತಗ್ಗಿಸು."
ಬಾನೆಟ್ಟಿನ ಮೇಲೆ ಒಣಗಿದ ಕೆಸರು,
ಲೋಟದ ಬಾಯಿಯಷ್ಟಗಲ, ದುಂಡಗೆ, ಒಂದು ಕಡೆ ತುಟಿ.
"ಪೇಟೆಯಿಂದ ಆಗಷ್ಟೇ ಬಂದಿದ್ದೆ, ಎಂಜಿನ್ ಬಿಸಿ ಇತ್ತು.
ಕಿಟಕಿಯಿಂದ ಲೈಟು ಹಾಕಿದೆ. ಹೋದ,
ಅವಸರವೇನೂ ಮಾಡಲಿಲ್ಲ.
ಮುಟ್ಟಿ ನೋಡಿದ್ದು ಹಂಸ, ಅಷ್ಟೇ.
ಅಷ್ಟಕ್ಕೆ ಊರನ್ನೆಲ್ಲ ಎಬ್ಬಿಸಬೇಕಾ?"

ಸೆನ್ಸರಿನ ತಿರುಪು ಕಾಲು ಸುತ್ತು ಹಿಂದಕ್ಕೆ.
ಅಂಗೈಯಿಂದ ಬಾನೆಟ್ಟು ಮುಟ್ಟಿದೆ, ಸುಮ್ಮನಿತ್ತು.
ಭುಜ ಕೊಟ್ಟು ತಳ್ಳಿದೆ, ಕಿರುಚಿತು.
ಸಾಕು ಎಂದರು.
ಗುರುತು ಒರೆಸಲು ಹುಡುಗ ಬಟ್ಟೆ ತಂದ,
ಬೇಡ ಎಂದರು.
ಬಾಕಿ ಹಣಕ್ಕೆ ಒಂದು ಪೊಟ್ಟಣ ಮೆಣಸು ಕೊಟ್ಟರು,
ತೂಗಲಿಲ್ಲ ನಾನು.

ಅವರು ಹತ್ತುವ ಮೊದಲು ಒಳಗೆ ಬಗ್ಗಿ ನೋಡಿದೆ.
ಗೇರು ನ್ಯೂಟ್ರಲ್ಲಿನಲ್ಲಿತ್ತು.
ಚಕ್ರದ ಕೆಳಗೆ ಕಲ್ಲೂ ಇತ್ತು.