ಆರುನೂರ ಹನ್ನೆರಡು

ಬೆಳಿಗ್ಗೆ ಆರೂವರೆಗೆ ಒದ್ದೆ ಬಟ್ಟೆಯಲ್ಲಿ
ಕೊನೆಯ ಒಂದನ್ನು ಒರೆಸುತ್ತೇನೆ.
ಆರೂ ನಡುವಿನ ಒಂದೂ ಹಾಗೇ ಇರಲಿ, ಅವಕ್ಕೆ ಇನ್ನೂ ಆಯುಸ್ಸು ಉಂಟು.
‘ಅಪಘಾತವಿಲ್ಲದ ದಿನಗಳು’ ಎಂಬುದು ಹಸಿರು ಪೈಂಟಿನಲ್ಲಿ,
ದಿನಗಳು ಮಾತ್ರ ಸೀಮೆಸುಣ್ಣದಲ್ಲಿ.

ಮಲ್ಪೆ ಬಂದರಿನ ಬೆನ್ನಿಗೆ ನಮ್ಮ ಐಸ್ ಪ್ಲಾಂಟು.
ಒಳಗೆ ಕಾಲಿಟ್ಟರೆ ಮೂಗಿಗೆ ಮೊದಲು ಅಮೋನಿಯಾ,
ಆಮೇಲೆ ಬೂತಾಯಿ.
ನಾನು ಟೈಮ್ ಆಫೀಸಿನ ವಾರಿಜಕ್ಕ. ಕುಳ್ಳಿ.
ಫಲಕಕ್ಕೆ ಕೈ ನಿಲುಕದು, ಸ್ಟೂಲು ಬೇಕು.
ಸ್ಟೂಲಿನ ಒಂದು ಕಾಲು ಗಿಡ್ಡ, ಅದರಡಿಗೆ
ಹೋದ ವರ್ಷದ ಸುರಕ್ಷತಾ ವರದಿ,
ನಾಲ್ಕು ಮಡಿಕೆ.

ಹೊರಗಿನವರು ಬಂದರೆ ಮ್ಯಾನೇಜರು ಈ ಅಂಕಿಯನ್ನು
ಮದುಮಗಳನ್ನು ತೋರಿಸುವ ಹಾಗೆ ತೋರಿಸುತ್ತಾರೆ.
ಬಂದವರು ಬರೆದುಕೊಳ್ಳುತ್ತಾರೆ, ಎಳನೀರು ಕುಡಿಯುತ್ತಾರೆ.
ನಾನು ಎಂತ ಹೇಳುವುದು?

ನೂರ ನಲವತ್ತನೆಯ ದಿನ
ಇದಿನಬ್ಬನ ಹೆಬ್ಬೆರಳು ಐಸಿನ ಕ್ಯಾನಿನಡಿ ಜಜ್ಜಿ
ಉಗುರು ಕಳಚಿ ಬಂತು.
ಪಟ್ಟಿ ಕಟ್ಟಿ ನನ್ನ ಪಕ್ಕದ ಕುರ್ಚಿಯಲ್ಲಿ
ಎಂಟು ದಿನ ಕೂರಿಸಿದರು.
ಹಾಜರಿ ಉಂಟು, ಅಂದರೆ ದಿನ ಹಾಳಾಗಿಲ್ಲ,
ಹಾಳಾಗಿಲ್ಲ ಅಂದರೆ ಅಪಘಾತವೇ ಅಲ್ಲ.
ಅವನು ತಿರುಗುವ ಫ್ಯಾನು ನೋಡುತ್ತ ಕೂತ,
ನಾನು ನೂರ ನಲವತ್ತೊಂದು ಬರೆದೆ.

ಕ್ರಷರಿನ ಬಾಯಿಗೆ ಅಂಗೈ ಕೊಟ್ಟ ಸುಕಾಂತ
ಒಡಿಶಾದವನು, ಗುತ್ತಿಗೆಯವನು.
ರಕ್ತ ಬಿದ್ದದ್ದು ನಮ್ಮ ನೆಲಕ್ಕೆ,
ಹೆಸರು ಇದ್ದದ್ದು ಇನ್ಯಾರದೋ ಪುಸ್ತಕದಲ್ಲಿ.
ಆ ಪುಸ್ತಕ ನಾನು ಕಂಡಿಲ್ಲ.

ಐನೂರು ಮುಟ್ಟಿದರೆ ಮನೆಗೊಂದು ಕುಕ್ಕರ್ ಎಂದರು.
ನಾನೂರ ತೊಂಬತ್ತಾರಕ್ಕೆ ಲಿಗೋರಿ ಜಾರಿ ಬಿದ್ದ.
ಮೆಟ್ಟಿಲ ಮೇಲೆ ಕೂತು, ಸುತ್ತ ನಿಂತವರ ಮುಖ
ಒಂದೊಂದಾಗಿ ನೋಡಿದ.
ಯಾರೂ ಏನೂ ಅನ್ನಲಿಲ್ಲ.
‘ಮನೆಯ ಬಾವಿಕಟ್ಟೆಯಲ್ಲಿ ಬಿದ್ದದ್ದು’ ಎಂದ.
ಕುಕ್ಕರು ಒಳ್ಳೆಯದೇ. ಕುಚ್ಚಲಕ್ಕಿಗೆ ಒಂಬತ್ತು ಕೂಗು.
ಎಣಿಸುವುದು ನನಗೆ ಅಭ್ಯಾಸ.

ಮೊನ್ನೆ ಮಂಗಳವಾರ ಸರಪಳಿ ತುಂಡಾಗಿ
ನೂರೈವತ್ತು ಕಿಲೋದ ಗಡ್ಡೆ
ದೇಜಪ್ಪ ನಿಲ್ಲುವ ಜಾಗಕ್ಕೇ ಬಿದ್ದು ಪುಡಿಯಾಯಿತು.
ದೇಜಪ್ಪ ಗೋಳಿಬಜೆ ತರಲು ಹೋಗಿದ್ದ.
ಫಲಕದಲ್ಲಿ ಆ ಮಂಗಳವಾರವೂ
ಸೋಮವಾರದ ಹಾಗೆಯೇ ಒಂದು ದಿನ.

ಪಾರ್ಶ್ವನಾಥ ಇಂದ್ರರು ಸೂಪರ್‌ವೈಸರ್ ಆಗಿದ್ದಾಗ
ವಾಲ್ವು ವಾಲ್ವಿಗೂ ಕಿವಿ ಇಟ್ಟು ಕೇಳುತ್ತಿದ್ದರು.
ಹಳೆ ಹಗ್ಗ ಕಂಡರೆ ಕತ್ತಿಯಲ್ಲಿ ಕಡಿದೇ ಬಿಡುತ್ತಿದ್ದರು,
ಮತ್ತೆ ಯಾರೂ ಗಂಟು ಹಾಕಬಾರದೆಂದು.
ಉಗುರು ಸೀಳಿದ್ದನ್ನೂ ಬರೆದರು, ಜಾರಿದ್ದನ್ನೂ ಬರೆದರು.
ಅವರ ಕಾಲದಲ್ಲಿ ಈ ಫಲಕ ಇಪ್ಪತ್ತು ದಾಟಲಿಲ್ಲ.
ಅಷ್ಟು ಅಪಘಾತ ಮಾಡಿಸಿದ ಮನುಷ್ಯನೆಂದು
ವರ್ಗ ಮಾಡಿದರು.

ನನ್ನ ಅಪ್ಪ ಕಡಲಿಗಿಳಿಯುತ್ತಿದ್ದವರು.
ಮುಳುಗದ ದಿನಗಳನ್ನು ಎಣಿಸಿದ್ದು ನಾನು ಕಂಡಿಲ್ಲ.
ಸಂಜೆ ದೋಣಿ ದಡಕ್ಕೆ ತಾಗಿದ ಮೇಲೆ
ಹಲಗೆಯ ಸಂದಿಗೆ ಬೆರಳಿಟ್ಟು ತಡವುತ್ತಿದ್ದರು.
‘ಇವತ್ತು ಬಂದೆವಲ್ಲ ಅಪ್ಪ, ಮತ್ತೆಂತ?’ ಎಂದರೆ
‘ಬಂದದ್ದು ದೋಣಿಯ ಗುಣವೋ
ಗಾಳಿಯ ದಾಕ್ಷಿಣ್ಯವೋ, ನೋಡಬೇಡವಾ ಮಗಾ?’

ಇಷ್ಟೆಲ್ಲ ನೆನಪಾದದ್ದು
ಇವತ್ತು ನೆಲದಲ್ಲಿ ಕೂತಾಗ.
ವರದಿಯ ಮಡಿಕೆ ಜಾರಿತು, ಸ್ಟೂಲು ವಾಲಿತು,
ಬಲ ಮೊಣಕೈಯಲ್ಲಿ ಏನೋ ಟಕ್ಕೆಂದಿತು.
ಏಳು ಗಂಟೆಯ ಪಾಳಿಯವರು ಗೇಟಿಗೆ ಬರಲು
ಇನ್ನೂ ಐದು ನಿಮಿಷ.
ಮೇಲೆ ಫಲಕದಲ್ಲಿ ಆರು, ಒಂದು,
ಆಮೇಲೆ ಒದ್ದೆ ಖಾಲಿ.

ಸ್ಟೂಲು ನಿಲ್ಲಿಸಿದೆ. ವರದಿಯನ್ನು
ಇನ್ನೊಂದು ಸಲ ಮಡಿಸಿ ಕೊಟ್ಟೆ.
ಸೀಮೆಸುಣ್ಣ ಎಡಗೈಗೆ ತೆಗೆದುಕೊಂಡೆ.

ಎರಡರ ಬಾಲ ತುಸು ವಾರೆ ಬಂದಿದೆ.
ಈವರೆಗೆ ಯಾರೂ ಕೇಳಿಲ್ಲ.