ಇನ್ನೂರ ಮೂವತ್ತನಾಲ್ಕು ಚಹಾ

ಕೌಲ್ ಬಜಾರಿನ ನಮ್ಮ ಜೀನ್ಸ್ ಶೆಡ್ಡಿನಲ್ಲಿ
ದಾರ ಕತ್ತರಿಸುವ ಹೆಂಗಸರು ಒಂಬತ್ತು ಮಂದಿ.
ಉಜ್ಜುವ ಫೋನು ಒಂದೇ, ನನ್ನದು,
ಗಾಜಿನ ಮೂಲೆ ಒಡೆದು ಜೇಡರ ಬಲೆಯಾದದ್ದು.
ಉಳಿದವರವು ಗುಂಡಿ ಒತ್ತುವವು.
ಹಲೋ ಅಂದರೆ ಹಲೋ ಅನ್ನುತ್ತವೆ, ಅಷ್ಟೇ.

ಮಸ್ತಾನನ ಅಂಗಡಿಯಲ್ಲಿ ಚಹಾ ಎಂಟು ರೂಪಾಯಿ
ಸ್ಕ್ಯಾನ್ ಮಾಡಿದವರಿಗೆ.
ಹತ್ತರ ನೋಟು ಕೊಟ್ಟವರಿಗೆ ಹತ್ತು.
'ಚಿಲ್ರೆ ಇಲ್ಲವ್ವಾ' ಅಂತ ಅಂಗೈಗೆ ಎರಡು ಪೆಪ್ಪರಮಿಂಟು.
ಸಕ್ಕರೆ ಕಾಯಿಲೆಯ ಹೊನ್ನೂರಮ್ಮನ ಸೆರಗಿನ ಗಂಟಿನಲ್ಲಿ
ತಿಂಗಳಿಗೆ ಐವತ್ತೆರಡು ಪೆಪ್ಪರಮಿಂಟು.

ಒಂದು ದಿನ ಆಕೆಯೇ ಅಂದಳು,
'ಮಾಬುನ್ನಿ, ನನ್ನದೂ ನೀನs ಹೊಡಿ,
ರೊಕ್ಕ ನಿನ್ನ ಕೈಯಾಗ ಇಡ್ತೀನಿ.'
ಆಕೆಯ ಹಿಂದೆ ಎರ್ರೆಮ್ಮ, ತಾಯಕ್ಕ,
ಆಮೇಲೆ ಎಲ್ಲರೂ.

ಈಗ ನನ್ನ ಬುತ್ತಿ ಡಬ್ಬಿಯ ಮೇಲಿನ ಖಾನೆ
ಮಾಸಿದ ನೋಟುಗಳ ಗಲ್ಲಾ.
ನಾನು ಕೊಡಬೇಕಾದ ಎರಡೆರಡು ರೂಪಾಯಿ
ಗೋಡೆಯ ಮೇಲೆ ಸೀಮೆಸುಣ್ಣದ ಗೀಟು.
ಶನಿವಾರ ಅರ್ಧ ದಿನದ ಕೂಲಿ ಬಿಟ್ಟು
ಆ ನೋಟು ತುಂಬಲು ಬ್ಯಾಂಕಿನ ಸಾಲಿನಲ್ಲಿ ನಿಲ್ಲುತ್ತೇನೆ.
ಇದನ್ನು ಅವರಿಗೆ ಹೇಳಿಲ್ಲ.

ತಿಂಗಳ ಕೊನೆಗೆ ಫೋನು
ನನ್ನ ಬದುಕನ್ನು ನನಗೇ ಓದಿ ತೋರಿಸುತ್ತದೆ.
ಇನ್ನೂರ ಮೂವತ್ತನಾಲ್ಕು ಚಹಾ ಕುಡಿದಿದ್ದೇನೆ.
ಒಗ್ಗರಣೆ ಮಿರ್ಚಿ ಮೂವತ್ತು ಪ್ಲೇಟು.
ಸಕ್ಕರೆ ಗುಳಿಗೆ, ಬಿಪಿ ಗುಳಿಗೆ,
ಯಾರದೋ ಮಗಳ ಪರೀಕ್ಷೆಯ ಫೀಸು,
ಸಿರುಗುಪ್ಪದಲ್ಲಿ ಒಂದು ಮೇಕೆಗೆ ಸೂಜಿ.
ಮದುವೆಯಾಗದ ನಾನು
ಬಾಣಂತಿ ಖಾರವನ್ನೂ ಕೊಂಡಿದ್ದೇನೆ.

ಮೊನ್ನೆ ಒಂದು ಹೆಣ್ಣು ದನಿ, ಬೆಲ್ಲದಂಥದು:
'ಮೇಡಂ, ನಿಮ್ಮ ವ್ಯವಹಾರ ತುಂಬಾ ಚೆನ್ನಾಗಿದೆ.
ಐವತ್ತು ಸಾವಿರ ಸಾಲ, ಕಾಗದ ಪತ್ರ ಏನೂ ಬೇಡ.'
ಸ್ಪೀಕರ್ ಹಾಕಿದ್ದೆ.
ಮಷೀನುಗಳು ಒಂದೊಂದಾಗಿ ನಿಂತವು.

ಹೊನ್ನೂರಮ್ಮ ಕತ್ತರಿ ಕೆಳಗಿಟ್ಟಳು.
ಹೋದ ವರ್ಷ ಐದೇ ಸಾವಿರಕ್ಕೆ ಹೋಗಿದ್ದಾಗ
'ನಿನ್ನ ವ್ಯವಹಾರ ಎಲ್ಲೈತಮ್ಮಾ ಇದರಾಗ' ಅಂತ
ಖಾಲಿ ಪಾಸ್‌ಬುಕ್ಕು ತಿರುಗಿಸಿ ಕೊಟ್ಟಿದ್ದರು ಆಕೆಗೆ.
ನೀಲಿ ಹತ್ತಿದ ಹೆಬ್ಬೆರಳಿನಿಂದ ಮೂಗಿನ ಬೆವರು ಒರೆಸಿಕೊಂಡು
'ಚಾ ಕುಡ್ದಾಕಿ ನಾನು,
ಸಾಲ ಬಂದದ್ದು ನಿನಗ' ಅಂದಳು.
ನಕ್ಕಳೋ ಇಲ್ಲವೋ,
ಮುಖದ ನೀಲಿಯಲ್ಲಿ ತಿಳಿಯಲಿಲ್ಲ.

ಆಮೇಲೆ ಹತ್ತರ ನೋಟು ಚಾಚಿದಳು:
'ಹೊಡಿ, ಮಸ್ತಾನ ಕಾಯಾಕ ಹತ್ಯಾನ.'