ಕೂಗಳತೆ

"ದೂರ ಏನಿಲ್ಲ, ಒಂದು ಕೂಗಳತೆ" ಎಂದ
ಫಾರೆಸ್ಟ್ ವಾಚರ್ ಹಿರಿಯಣ್ಣ, ಫೋನಿನಲ್ಲಿ.
ಯಾರ ಕೂಗು ಎಂದು ಕೇಳಬೇಕಿತ್ತು.
ಮೇಯಲು ಹೋದ ಎಮ್ಮೆಯನ್ನು ಕರೆಯುವ ಕೂಗೊಂದು,
ಗುಡ್ಡದಾಚೆಯ ಮನೆಯವರನ್ನು ಎಬ್ಬಿಸುವುದು ಇನ್ನೊಂದು,
ಹೆರಿಗೆ ನೋವಿನದು ಮತ್ತೊಂದು.
ಮೂರನ್ನೂ ಅಳೆದಿದ್ದೇವೆ ನಾವು, ಕಾಲಲ್ಲಿ.

ಲಸಿಕೆ ಮುಗಿದ ಬುಧವಾರ,
ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತು
ಕಬ್ಬಿಣದ ಮಾತ್ರೆಯ ಖಾಲಿ ಪೆಟ್ಟಿಗೆ ಬಿಚ್ಚಿ
ಒಳಮೈ ಮೇಲೆ ಬರೆಯತೊಡಗಿದೆ:
ಕೆಂಜಿಗದ ಅಬ್ಬಿ. ನಾಲ್ಕು ಜನ. ಏಳೂ ಇಪ್ಪತ್ತರ ಬಸ್ಸು.
ರಿಪ್ಪನ್‌ಪೇಟೆಯಿಂದ ಮುಕ್ಕಾಲು ಗಂಟೆ,
ಮುರಿದ ಮೈಲಿಗಲ್ಲಿನ ಹತ್ತಿರ ಇಳಿಯುವುದು,
ಆಮೇಲೆ ಎಡಕ್ಕೆ.

"ಎಡ ಅಂದ್ರೆ ಹೋಗ್ತಾ ಎಡವೋ, ಬರ್ತಾ ಎಡವೋ?"
ಬಂಗಾರಮ್ಮನ ಪ್ರಶ್ನೆ. ಆಕೆಗೆ ಐವತ್ತೆಂಟು,
ಎಡಮೊಣಕಾಲಿಗೆ ಮಾತ್ರ ಎಪ್ಪತ್ತು.
ಮತ್ತೆ ಹಿರಿಯಣ್ಣನಿಗೆ ಫೋನು.
ಏರು ಇದೆಯಾ? ಇದೆ ಅಂದ್ರೆ ಇದೆ.
ಎಷ್ಟು? ಒಂದು ಕವಳ ಬಾಯಲ್ಲಿ ಕರಗುವಷ್ಟು.
ಬಂಗಾರಮ್ಮ ಲೆಕ್ಕ ಹಾಕಿ ತಲೆಯಾಡಿಸಿದಳು.
ಕವಳ ಹಾಕುವವರ ಗಣಿತ ನನಗೆ ತಿಳಿಯದು.

ಡಿಸೆಂಬರು ಬೇಡ. ಆಗ ಕಾಡು ಮಂಗನ ಕಾಯಿಲೆಯದು,
ಎಣ್ಣೆ ಹಂಚುತ್ತಾ ಮನೆಮನೆಗೆ ನಾವೇ ಹೇಳುತ್ತೇವೆ
ಒಳಗೆ ಹೋಗಬೇಡಿ ಎಂದು.
ನವೆಂಬರಿನ ಮೊದಲ ಭಾನುವಾರ ಫಿಲೋಮಿನಾಳ ಇಗರ್ಜಿಯಲ್ಲಿ ಹಬ್ಬ,
ಎರಡನೆಯದು ಶಕೀಲಾಳ ನಾದಿನಿಯ ನಿಶ್ಚಿತಾರ್ಥ.
ಮೂರನೆಯದು ಉಳಿಯಿತು,
ತಟ್ಟೆಯಂಚಿನ ಕೊನೆಯ ತುತ್ತಿನ ಹಾಗೆ.

ಶಕೀಲಾ ತರುವುದು ಚಪಾತಿ, ಮೊಟ್ಟೆ ಪಲ್ಯ.
ಫಿಲೋಮಿನಾ ಅವಲಕ್ಕಿ, ಒಂದು ಫ್ಲಾಸ್ಕು ಕಾಫಿ.
ಇಂಬಳಕ್ಕೆ ಹೊಗೆಸೊಪ್ಪು, ಸುಣ್ಣ,
ಹಳೇ ಸೀರೆಯ ಚೂರಿನಲ್ಲಿ ಉಪ್ಪಿನ ಗಂಟು.
ಬದಲಿ ಬಟ್ಟೆ, ಎಂದು ಬರೆದು ಕೆಳಗೆ ಗೆರೆ ಎಳೆದೆ.
ನೀರಿಗಿಳಿಯುವುದು ಮೊಣಕಾಲತನಕ ಮಾತ್ರ, ಎಂದೆ.
"ಯಾರ ಮೊಣಕಾಲು?" ಎಂದಳು ಶಕೀಲಾ,
ಬಂಗಾರಮ್ಮನ ಕಡೆ ನೋಡದೆ.

ನಗು ಕೇಳಿ ಆಂಬುಲೆನ್ಸ್ ಡ್ರೈವರ್ ಇಣುಕಿದ.
ಏನ್ ಮೀಟಿಂಗು? ಯಾವ ಸರ್ವೇ?
ಕೆಂಜಿಗದಲ್ಲಿ ಮನೆ ಇದಾವಾ?
ಇಲ್ಲ.
ಮತ್ಯಾಕೆ ಹೋಗ್ತೀರಿ?

ಹನ್ನೆರಡು ವರ್ಷ ಈ ಗುಲಾಬಿ ಸೀರೆಯಲ್ಲಿ
ನಡೆದದ್ದೆಲ್ಲ ಯಾವುದೋ ಒಂದು ಬಾಗಿಲಿಗೆ.
ದಾರಿಯ ತುದಿಗೆ ಯಾರಾದರೂ ಇದ್ದೇ ಇರುತ್ತಿದ್ದರು:
ಬಸುರಿ, ಬಾಣಂತಿ, ಕೆಮ್ಮುವ ಮುದುಕ,
ಕಟ್ಟದೆ ಬಿಟ್ಟ ನಾಯಿ.
ತಲುಪಿದ ಮೇಲೆ ಬರೆಯಬೇಕು, ಹೆಸರು, ವಯಸ್ಸು, ತೂಕ.
ನೀರಿನ ಮುಂದೆ ನಿಂತು ಏನು ಬರೆಯುವುದು?

"ಸುಮ್ನೆ" ಎಂದಳು ಬಂಗಾರಮ್ಮ.
ಹೇಳಿ, ತನಗೇ ಹೊಸದೆಂಬಂತೆ, ಇನ್ನೊಮ್ಮೆ ಹೇಳಿದಳು.
ಆಕೆ ಹುಟ್ಟಿದ್ದು ಅಬ್ಬಿಯಿಂದ ಎರಡು ಮೈಲಿ.
ಆಷಾಢದ ರಾತ್ರಿ ಕಂಬಳಿಯೊಳಗೆ ಸದ್ದು ಕೇಳಿದ್ದಾಳಂತೆ,
ನೋಡಿಲ್ಲ.
"ಅಲ್ಲಿ ಸೊಪ್ಪಿಲ್ಲ, ಸೌದೆಯಿಲ್ಲ,
ಎಂತಕ್ಕೆ ಹೋಗೋದು ಅಂತಿದ್ಲು ನಮ್ಮವ್ವ."

ಆಮೇಲೆ ಹಿರಿಯಣ್ಣನೇ ಫೋನು ಮಾಡಿದ.
ಒಂದು ಮಾತು ಮರೆತೆ. ಹಳ್ಳ ದಾಟಿದ ಮೇಲೆ
ನೆಟ್‌ವರ್ಕ್ ಸಿಗಲ್ಲ.

ಮೇಜಿನ ಮೇಲಿದ್ದ ನಾಲ್ಕು ಫೋನುಗಳನ್ನು
ನಾಲ್ವರೂ ನೋಡಿದೆವು.
ಇಷ್ಟು ಸುಲಭವಾ ಎಂದು ಮೊದಲು ಖುಷಿಯಾಯಿತು. ಸುಳ್ಳು ಯಾಕೆ.
ಆಮೇಲೆ ಗೇರುಬೈಲಿನ ಸವಿತಳ ನೆನಪು.
ಡಾಕ್ಟರು ದಿನ ಕೊಟ್ಟಿರುವುದು
ಆ ಭಾನುವಾರದಾಚೆ ಎರಡು ದಿನಕ್ಕೆ.
ಚೊಚ್ಚಲು. ಚೊಚ್ಚಲು ತಾರೀಕು ಕೇಳುವುದಿಲ್ಲ.

ಫ್ಯಾನು ತಿರುಗುತ್ತಿತ್ತು. ಶಕೀಲಾ
ರಟ್ಟನ್ನು ತನ್ನ ಕಡೆ ಎಳೆದುಕೊಂಡಳು.
ಭಾನುವಾರವನ್ನು ಹೊಡೆದುಹಾಕಲಿಲ್ಲ.
ಅದರ ಪಕ್ಕದಲ್ಲಿ, ಸಣ್ಣಕ್ಷರದಲ್ಲಿ:
ಹಳ್ಳದ ಈಚೆ ಒಬ್ಬರು ಕೂರುವುದು, ಸರದಿ ಮೇಲೆ,
ನಾಲ್ಕೂ ಫೋನು ಮಡಿಲಲ್ಲಿಟ್ಟುಕೊಂಡು.
ಕರೆ ಬಂದರೆ
ಕೂಗುವುದು.

ಮೊದಲ ಸರದಿ ತನಗೆ ಬೇಡ
ಎಂದಳು ಬಂಗಾರಮ್ಮ.